ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಕಾರು

ಹಳೆಯ ಕಾರು ಕೊಳ್ಳಲು ಹೋದಾಗ ಮೊದಲು ಕಾರನ್ನು ನೋಡಬೇಡಿ, ಅದು ನಿಲ್ಲುವ ಅಂಗಳ ನೋಡಿ. ನೆಲದ ಮೇಲೆ ಎಣ್ಣೆಯ ಕಲೆ ಇದೆಯೋ, ಇದ್ದರೆ ಹಳೆಯದೋ ಹಸಿಯೋ, ಮೇಲೆ ಮಣ್ಣು ಎಳೆದು ಮುಚ್ಚಿದ್ದಾರೋ ಎಂದು ನೋಡಿಕೊಂಡರೆ ಅರ್ಧ ವ್ಯಾಪಾರ ಮುಗಿದ ಹಾಗೆ. ಉಳಿದರ್ಧ ಮಾತಿನದು.

ಮೂವತ್ತನಾಲ್ಕು ವರ್ಷ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ನಡುವೆ ಹಳೆಯ ಕಾರುಗಳನ್ನು ಒಬ್ಬರಿಂದ ಬಿಡಿಸಿ ಇನ್ನೊಬ್ಬರಿಗೆ ಕೊಡಿಸುವ ಕೆಲಸ ಮಾಡಿದೆ. ಜನ ಬ್ರೋಕರ್ ಬಸಣ್ಣ ಎಂದು ಕರೆದರು. ನಾನೂ ಬೋರ್ಡಿನ ಮೇಲೆ ಹಾಗೇ ಬರೆಸಿದೆ. ಈಗ ಬೋರ್ಡು ಇಳಿಸಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ಮನೆಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ಕರೆಂಟಿನ ಗಾಡಿಯನ್ನು ಹೇಗೆ ಪರೀಕ್ಷೆ ಮಾಡುವುದು ಎಂದು ಕೇಳುತ್ತಾರೆ. ಬಂದವರಿಗೆಲ್ಲ ಅದೇ ಕಥೆ ಹೇಳುವುದಕ್ಕಿಂತ ಒಂದು ಸಲ ಬರೆದಿಡುವುದು ಮೇಲು. ಎಷ್ಟು ಕಾರು ಮಾರಿದೆ, ಸ್ವಂತ ಜಾಗ ಯಾವಾಗ ಕೊಂಡೆ ಎಂಬುದನ್ನೆಲ್ಲ ಬಿಡುತ್ತೇನೆ. ಗೆದ್ದದ್ದನ್ನು ಓದಿ ಯಾರೂ ಏನೂ ಕಲಿಯುವುದಿಲ್ಲ.

ಈ ಕೆಲಸ ನನಗೆ ಕಲಿಸಿದವರು ರಾಣೆಬೆನ್ನೂರಿನ ಖಾದರ್ ಸಾಹೇಬರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರ ಗ್ಯಾರೇಜಿಗೆ ಸೇರಿದೆ. ಸಿಟ್ಟಿನ ಮನುಷ್ಯ, ಆದರೆ ಸಿಟ್ಟು ಬಂದಾಗಲೂ ಪಾಠ ಹೇಳುತ್ತಿದ್ದರು. ಸ್ಕ್ರೂ ಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಕೇಳುವುದನ್ನು ಅವರಿಂದ ಕಲಿತೆ. ಒಳಗೆ ಯಾವ ಭಾಗ ಸವೆದಿದೆ ಎಂದು ಡಾಕ್ಟರರಂತೆ ಗೊತ್ತಾಗುತ್ತಿತ್ತು. ಆಮೇಲೆ ಹೊಗೆ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು ಸುಡುತ್ತಿದೆ, ನೀಲಿ ಬಂದರೆ ಎಂಜಿನ್ ಆಯಿಲ್ ಒಳಗೆ ಇಳಿಯುತ್ತಿದೆ, ಬೆಳ್ಳಗೆ ಬಿಡದೆ ಬಂದರೆ ನೀರು ಹೊಕ್ಕಿದೆ. ಕಾರಿನ ಹೊಗೆಯೇ ನಮಗೆ ಕಾರಿನ ಜಾತಕ. ಆ ಹೊಗೆ ಊರಿಗೆ ಕೆಟ್ಟದ್ದು ಎಂದು ಆಗ ಯಾರಿಗೂ ಅನಿಸಿರಲಿಲ್ಲ. ನಮಗಂತೂ ಅದು ಸತ್ಯ ಹೇಳುವ ಸಾಕ್ಷಿ.

ಎಲ್ಲಕ್ಕಿಂತ ದೊಡ್ಡ ಪಾಠ ಬಾನೆಟ್ಟಿನದು. ಗಾಡಿ ನೋಡಲು ಹೇಳದೆ ಕೇಳದೆ ಮುಂಜಾನೆ ಹೋಗಬೇಕು. ನಮಸ್ಕಾರ ಹೇಳುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡಬೇಕು. ಸಾಹೇಬರು ಹೇಳುತ್ತಿದ್ದದ್ದು ಹೀಗೆ: "ಬಾನೆಟ್ ಕಾದಿದ್ರ ಮೊದಲ ಯಾರೋ ಚಾಲೂ ಮಾಡಿ ಇಟ್ಟಾರ ಅಂತ ತಿಳಕೊ. ಮುಂಜಾನೆ ಚಾಲೂ ಆಗೂದಕ್ಕ ತ್ರಾಸ ಐತಿ, ಅದನ್ನ ಮುಚ್ಚ್ಯಾರ. ತಣ್ಣಗಿತ್ತಂದ್ರ ಗಾಡಿ ಖರೇ ಮಾತಾಡ್ತೈತಿ."

ಒಮ್ಮೆ ಬೀಜದ ಕಂಪನಿಯ ಮ್ಯಾನೇಜರ್ ಒಬ್ಬರ ಮನೆಗೆ ಬೆಳಿಗ್ಗೆ ಆರಕ್ಕೆ ಹೋದೆ. ಬಾನೆಟ್ ರೊಟ್ಟಿ ಬೇಯಿಸುವ ಹಂಚಿನ ಹಾಗೆ ಕಾದಿತ್ತು. "ಗುಡಿಗೆ ಹೋಗಿ ಬಂದೆವು" ಎಂದರು. ಗುಡಿ ಅವರ ಮನೆಯಿಂದ ನಾಲ್ಕನೆಯ ಮನೆ. ಚಹಾ ಕುಡಿದು ಎದ್ದು ಬಂದೆ. ಆ ಕಾರು ಕೊಂಡ ನನ್ನ ಪ್ರತಿಸ್ಪರ್ಧಿ ಮಳೆಗಾಲವಿಡೀ ಅದನ್ನು ನೂಕಿ ಚಾಲೂ ಮಾಡಿದ. ಹೀಗೆ ಎರಡು ಮೂರು ಸಲ ಆದ ಮೇಲೆ ನನ್ನ ಅಂಗೈ ಮೇಲೆ ನನಗೆ ದೇವರಿಗಿಂತ ಹೆಚ್ಚು ನಂಬಿಕೆ ಬಂತು. ಅನುಭವದ ತೊಂದರೆ ಇದೇ. ಅದು ಯಾವ ಊರಿನಲ್ಲಿ, ಯಾವ ಗಾಡಿಯ ಮೇಲೆ ಹುಟ್ಟಿತೋ ಅಲ್ಲಿಗೆ ಮಾತ್ರ ನಿಜ.

ಕರೆಂಟಿನ ಕಾರುಗಳು ಬಂದವು. ಮೊದಲ ವರ್ಷ ನಾವು ನಕ್ಕೆವು, ಎರಡನೆಯ ವರ್ಷ ಸುಮ್ಮನಾದೆವು, ಮೂರನೆಯ ವರ್ಷ ಕಲಿಯಲು ಹುಬ್ಬಳ್ಳಿಗೆ ಹೋದೆವು. ಅಲ್ಲಿ ತರಬೇತಿ ಕೊಟ್ಟ ಅಧಿಕಾರಿ ಟೈ ಕಟ್ಟಿದ್ದ ಯುವಕ. ಜಗತ್ತಿನ ಹೊಗೆಯಲ್ಲಿ ವಾಹನಗಳ ಪಾಲು ದೊಡ್ಡದು, ಗ್ರಾಹಕನಿಗೆ ಮೊದಲು ಅದನ್ನೇ ಹೇಳಿ ಎಂದ. ನಾನು ಶಿಸ್ತಿನ ಶಿಷ್ಯ. ಮರುದಿನ ಗುತ್ತಲದ ಕಡೆಯಿಂದ ಬಂದ ಒಬ್ಬ ರೈತರಿಗೆ ಹೊಗೆ, ಹವಾಮಾನ, ಮುಂದಿನ ಪೀಳಿಗೆ ಎಲ್ಲ ಹೇಳಿದೆ. ಅವರು ಪೂರಾ ಕೇಳಿ, "ಅದೆಲ್ಲ ಖರೇ ಬಸಣ್ಣಾ. ಸೀಟ್ ಹಿಂದ ಮಡಚ್ತೈತೇನು? ಎರಡು ಚೀಲ ಗೊಬ್ಬರ ಕುಂದರಬೇಕು" ಎಂದರು.

ಸೀಟು ಮಡಚಿ ತೋರಿಸಿದೆ. ಚಾಲಕನ ಜಾಗದಲ್ಲಿ ಕೂತರು. ಗುಂಡಿ ಒತ್ತಿದರು. ಮತ್ತೆ ಒತ್ತಿದರು.

"ಚಾಲೂನ ಆಗವಲ್ದಲ್ಲೋ."

"ಆಗೇತ್ರಿ."

"ಎಲ್ಲಿ ಆಗೇತಿ? ಸಪ್ಪಳನ ಇಲ್ಲ."

ಇಷ್ಟು ಹೇಳಿ, ಡೀಸೆಲ್ ಜೀಪಿಗೆ ಮಾಡುವ ಹಾಗೆ ಒಮ್ಮೆ ಆಕ್ಸಿಲರೇಟರ್ ಒತ್ತಿ ನೋಡಿದರು. ಕಾರು ನನ್ನ ಅಂಗಡಿಯಿಂದ ಹೊರಟು ಎದುರಿನ ಕಬ್ಬಿನ ಹಾಲಿನ ಅಂಗಡಿಯ ಬೆಂಚಿಗೆ ಹೋಗಿ ನಿಂತಿತು. ಬೆಂಚಿನ ಮೇಲೆ ಯಾರೂ ಇರಲಿಲ್ಲ, ಅದು ನಮ್ಮ ಪುಣ್ಯ. ರೈತರು ಇಳಿದು, "ಸಪ್ಪಳ ಮಾಡದ ಹಾಯೂ ದನ ಇದು, ನಮಗ ಬ್ಯಾಡ" ಎಂದು ಹೋದರು. ಅಂದಿನಿಂದ ಗ್ರಾಹಕರು ಕೂರುವ ಮೊದಲೇ ಕಾರಿನ ಮೂತಿಯನ್ನು ಖಾಲಿ ಬಯಲಿಗೆ ತಿರುಗಿಸಿ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ.

ಹೊಗೆ ಕಡಿಮೆ ಆಗಲಿ ಎಂದು ಕಾರು ಬದಲಿಸಿದ ಒಬ್ಬರನ್ನೂ ನಾನು ಕಾಣಲಿಲ್ಲ. ದಿನದ ಖರ್ಚಿಗೆ, ಗೇರು ಬದಲಿಸುವ ತ್ರಾಸಿಗೆ, ಸೊಸೆಗೆ ಓಡಿಸಲು ಸುಲಭ ಎಂದು, ಹೀಗೆ ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಬದಲಿಸಿದರು. ಹೊಗೆ ಯಾರ ಅಪ್ಪಣೆಯನ್ನೂ ಕಾಯದೆ ತಾನೇ ಕಡಿಮೆಯಾಯಿತು. ಆದರೆ ಅದರ ಜೊತೆ ನನ್ನ ಜಾತಕವೂ ಹೋಯಿತು. ಹೊಗೆ ಇಲ್ಲ, ಸಪ್ಪಳ ಇಲ್ಲ, ಅಂಗಳದಲ್ಲಿ ಎಣ್ಣೆಯ ಕಲೆ ಇಲ್ಲ. ಉಳಿದದ್ದು ನನ್ನ ಅಂಗೈ ಒಂದೇ. ಅದೂ ಹೇಗೆ ಕೈಕೊಟ್ಟಿತು ಎಂಬುದೇ ಮುಂದಿನ ಸಂಗತಿ.

ಕರ್ಜಗಿಯ ಗಿರಿಜಾ ಎಂಬ ಹೆಣ್ಣುಮಗಳು ಒಂದು ಹಳೆಯ ಡೀಸೆಲ್ ಕಾರು ಇಟ್ಟುಕೊಂಡು ಒಂಬತ್ತು ವರ್ಷದಿಂದ ಶಿಕ್ಷಕಿಯರನ್ನು ಶಾಲೆಗೆ ಮುಟ್ಟಿಸುತ್ತಿದ್ದರು. ಬೆಳಿಗ್ಗೆ ಕರ್ಜಗಿಯಿಂದ ಹಾವೇರಿಗೆ ಬಂದು ನಾಲ್ವರನ್ನು ಹತ್ತಿಸಿಕೊಳ್ಳುವುದು, ಬ್ಯಾಡಗಿಯ ಸುತ್ತಿನ ಹಳ್ಳಿಗಳಲ್ಲಿ ಮೂವರನ್ನು ಇಳಿಸುವುದು, ಕೊನೆಯವರನ್ನು ರಾಣೆಬೆನ್ನೂರಿನ ಹತ್ತಿರ ಬಿಡುವುದು, ಸಂಜೆ ಆ ಕೊನೆಯವರು ಬಸ್ಸಿನಲ್ಲಿ ಬ್ಯಾಡಗಿಗೆ ಬಂದ ಮೇಲೆ ಎಲ್ಲರನ್ನೂ ತಿರುಗಿ ತರುವುದು. ಪ್ರಾರ್ಥನೆಗೆ ಮೊದಲು ಹಾಜರಿ ಹಾಕದಿದ್ದರೆ ಶಿಕ್ಷಕಿಯರಿಗೆ ತೊಂದರೆ. ಒಂಬತ್ತು ವರ್ಷದಲ್ಲಿ ಆ ತೊಂದರೆಯನ್ನು ಗಿರಿಜಾ ತಂದಿರಲಿಲ್ಲ.

ಈಗ ಆ ಡೀಸೆಲ್ ಕಾರಿನ ಎಂಜಿನ್ ಮುಗಿದಿತ್ತು. ನಾನೇ ಕಿವಿಗೊಟ್ಟು ಕೇಳಿದೆ. ಇನ್ನೊಂದು ತಿಂಗಳು ನಡೆದರೆ ಹೆಚ್ಚು. ಅದರ ಮೇಲೆ ಹಾವೇರಿಯಲ್ಲಿ ಒಬ್ಬ ಟೆಂಪೊ ಮಾಲೀಕ ಶಿಕ್ಷಕಿಯರಿಗೆ ದಿನಾ ಫೋನ್ ಮಾಡಿ, "ಆ ಹೆಣ್ಮಗಳ ಗಾಡಿ ಎಲ್ಲಿ ನಿಲ್ತೈತೋ ಗೊತ್ತಿಲ್ರಿ ಮೇಡಂ, ನಮ್ಮ ಕಡೆ ಬರ್ರಿ" ಎನ್ನುತ್ತಿದ್ದ. ಒಂದು ಬೆಳಿಗ್ಗೆ ತಡವಾದರೆ ಆ ನಾಲ್ಕು ಸೀಟು ಅವನ ಪಾಲು. ಗಿರಿಜಾ ಅವರಿಗೆ ಬೇರೆ ಆಧಾರ ಇರಲಿಲ್ಲ. ಹಾಗೆಂದು ಅವರು ಹೇಳಲಿಲ್ಲ. ನಾನು ವಿಚಾರಿಸಿ ತಿಳಿದುಕೊಂಡದ್ದು. ಗ್ರಾಹಕನ ಅವಸರ ಎಷ್ಟಿದೆ ಎಂದು ತಿಳಿಯುವುದು ನಮ್ಮ ಕೆಲಸದ ಭಾಗ.

ಅವರು ನನ್ನ ಅಂಗಡಿಗೆ ಬಂದು ಕೂತವರೇ ವಿಷಯಕ್ಕೆ ಬಂದರು.

"ಕರೆಂಟಿನ ಗಾಡಿ ಒಂದು ನೋಡ್ರಿ. ದಿನಕ್ಕ ತೊಂಬತ್ತಾರು ಕಿಲೋಮೀಟರ್ ಓಡಬೇಕು. ತೊಂಬತ್ತೈದಾದ್ರ ಬ್ಯಾಡ."

"ತಂಗೀ, ಅಷ್ಟು ಕರಾರುವಾಕ್ಕಾಗಿ ಯಾರೂ ಬರದ ಕೊಡಂಗಿಲ್ಲ."

"ಬರದ ಕೊಡಬ್ಯಾಡ್ರಿ. ಓಡಿಸಿ ತೋರಸ್ರಿ."

"ನಡುವ ಹೆದ್ದಾರಿ ಮ್ಯಾಲೆ ಚಾರ್ಜಿಂಗ್ ಅದಾವಲ್ಲ?"

"ಅವು ಹೊಸಾ ಗಾಡಿಗೆ ಅದಾವ್ರಿ. ನನ್ನ ಕೈಗೆ ಎಟಕೂ ಹಳೇ ಗಾಡಿಗೆ ಆ ಪ್ಲಗ್ಗು ಕೂಡೂದಿಲ್ಲ. ನೋಡಿ ಬಂದೇನಿ. ಮನ್ಯಾಗ ಹಚ್ಚಿದ್ದಷ್ಟ ನನಗ."

ನನಗೆ ಗೊತ್ತಿರಬೇಕಾದದ್ದನ್ನು ಅವರು ನೋಡಿ ಬಂದಿದ್ದರು.

ಅವರ ಕೈಗೆ ಎಟಕುವ ಒಂದೇ ಗಾಡಿ ನನ್ನ ಲೆಕ್ಕದಲ್ಲಿ ಇತ್ತು. ಬ್ಯಾಡಗಿಯ ಮೆಣಸಿನಕಾಯಿ ವರ್ತಕ ಚಂಬಣ್ಣ ಸಾಹುಕಾರರದು. ಸಣ್ಣ ಕಾರು, ಬಿಳಿ ಬಣ್ಣ. ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ತಮ್ಮ ಕೋಲ್ಡ್ ಸ್ಟೋರೇಜಿಗೆ ಓಡಾಡಲು ಇಟ್ಟುಕೊಂಡಿದ್ದರು. ಅದನ್ನು ಅವರಿಗೆ ಕೊಡಿಸಿದವನೂ ನಾನೇ. ಕೊಡಿಸುವಾಗ ಕೇಳದೆ ಒಂದು ಉಪದೇಶವನ್ನೂ ಕೊಟ್ಟಿದ್ದೆ: "ಬ್ಯಾಟರಿಗೆ ಬಿಸಿಲು ಆಗೂದಿಲ್ರಿ ಸಾಹುಕಾರ್ರ. ಆದಷ್ಟು ತಂಪಿನ್ಯಾಗ ಇಡ್ರಿ." ಈಗ ಅವರು ದೊಡ್ಡ ಕಾರು ತೆಗೆದುಕೊಂಡಿದ್ದರಿಂದ ಇದನ್ನು ಮಾರುವ ವಿಚಾರದಲ್ಲಿದ್ದರು.

ಖಾದರ್ ಸಾಹೇಬರ ಪಾಠದಂತೆ ಹೇಳದೆ ಕೇಳದೆ ಹೋದೆ. ಬೆಳಿಗ್ಗೆ ಏಳಕ್ಕೆ ಬ್ಯಾಡಗಿ. ಸಾಹುಕಾರರು ಕೋಲ್ಡ್ ಸ್ಟೋರೇಜಿನಲ್ಲೇ ಇದ್ದರು. ಕಾರು ಎಲ್ಲಿ ಎಂದರೆ ಒಳಗೆ ಕರೆದುಕೊಂಡು ಹೋದರು. ಚೀಲ ಇಡುವ ಕೋಣೆಗಳ ಮುಂದೆ ಒಂದು ಹಜಾರ. ಮಾಲು ಇಳಿಸುವಾಗ ಬಾಗಿಲು ತೆರೆದು ಮುಚ್ಚಿ ಆ ಹಜಾರಕ್ಕೂ ಒಳಗಿನ ಥಂಡಿ ಹರಿದಿರುತ್ತದೆ. ಅಲ್ಲಿ, ಡಬ್ಬಿ ತಳಿಯ ಮೆಣಸಿನಕಾಯಿ ಚೀಲಗಳ ಪಕ್ಕದಲ್ಲಿ ಕಾರು ನಿಂತಿತ್ತು. ಗೋಡೆಯಿಂದ ಚಾರ್ಜಿನ ವಾಯರು ಬಂದಿತ್ತು. ನಾನು ಸೀನಿದೆ, ಅಂಗೈಯನ್ನು ಬಾನೆಟ್ಟಿನ ಮೇಲೆ ಇಟ್ಟೆ. ತಣ್ಣಗೆ, ಮಡಕೆಯ ನೀರಿನ ಹಾಗೆ ತಣ್ಣಗೆ ಇತ್ತು.

ಅಷ್ಟೇ ಸಾಕಾಯಿತು ನನಗೆ. ಈ ಗಾಡಿ ಖರೇ ಮಾತಾಡುತ್ತದೆ ಎಂದು ಮನಸ್ಸು ನಿಶ್ಚಯ ಮಾಡಿಬಿಟ್ಟಿತು. ಗುಂಡಿ ಒತ್ತಿದೆ. ಚಾರ್ಜ್ ತುಂಬಿತ್ತು, ಪರದೆ ಎಂಬತ್ತೆಂಟು ಕಿಲೋಮೀಟರ್ ತೋರಿಸಿತು.

"ನಾ ತಗೊಂಡಾಗ ಇದಕ್ಕಿಂತ ಭಾಳ ತೋರಸ್ತಿತ್ತಲ್ಲ ಬಸಣ್ಣ" ಎಂದರು ಸಾಹುಕಾರರು.

"ಬ್ಯಾಟರಿಗೆ ಮುಪ್ಪು ಬಂದೈತ್ರಿ" ಎಂದೆ. ಮಾರುವವನು ಸ್ವತಃ ಕುಂದು ಎತ್ತಿದಾಗ ಬ್ರೋಕರನಾದವನು ಅದಕ್ಕೆ ಹೆಸರು ಇಟ್ಟರೆ ಸಾಕು, ಬೆಲೆ ತಾನೇ ಇಳಿಯುತ್ತದೆ.

ಇದು ಗಿರಿಜಾ ಅವರಿಗೆ ಉಪಯೋಗ ಇಲ್ಲ ಎಂದು ನನಗೆ ಗೊತ್ತಾಗಿತ್ತು. ಆದರೂ ಊರೊಳಗೆ ಓಡಾಡುವವರು ಯಾರಾದರೂ ಸಿಗುತ್ತಾರೆ ಎಂದು ನಾನೇ ವ್ಯಾಪಾರಕ್ಕೆ ಕೂತೆ. ಸಾಹುಕಾರರು ಹಳೆಯ ಕಾಲದವರು. ಮಾರುಕಟ್ಟೆಯಲ್ಲಿ ಈಗ ಎಲ್ಲವೂ ಕಂಪ್ಯೂಟರಿನಲ್ಲಿ ನಡೆದರೂ ಅವರು ಹೆಗಲ ಟವೆಲ್ ತೆಗೆದು ಕೈಯ ಮೇಲೆ ಹಾಕಿಕೊಂಡರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವುದು, ಒಪ್ಪದಿದ್ದರೆ ಬೆರಳು ಮಡಚುವುದು. ಪಕ್ಕದಲ್ಲಿ ನಿಂತವನಿಗೆ ಏನೂ ತಿಳಿಯುವುದಿಲ್ಲ. ಕೊನೆಗೆ ನಾನು ಹಿಡಿದ ಬೆರಳುಗಳನ್ನು ಅವರು ಬಿಡದೆ ಒತ್ತಿದರು. ಅಂದರೆ ಮುಗಿಯಿತು. ಅದಾದ ಮೇಲೆ ಮಾತು ಬದಲಿಸುವುದು ಬ್ಯಾಡಗಿಯಲ್ಲಿ ಇಲ್ಲ.

ಗಿರಿಜಾಗೆ ಫೋನ್ ಮಾಡಿ, "ಗಾಡಿ ಎಂಬತ್ತೆಂಟಕ್ಕ ನಿಲ್ತೈತಿ, ನಿನಗಾಗೂದಿಲ್ಲ" ಎಂದೆ. ಅವರು ಶಿಕ್ಷಕಿಯರನ್ನು ಇಳಿಸಿ ಬ್ಯಾಡಗಿಯಲ್ಲೇ ಸಂಜೆಯ ತನಕ ಕಾಯುವವರು. "ಹೆಂಗೂ ಕುಂತೇನಿ, ನೋಡಿರೆ ಹೋಗ್ತೇನಿ" ಎಂದು ಹತ್ತೂವರೆಗೆ ಬಂದರು.

ಹಜಾರಕ್ಕೆ ಕಾಲಿಟ್ಟವರೇ ಸೆರಗು ಹೊದ್ದುಕೊಂಡರು. ಕಾರಿನ ಬಾಗಿಲು ಮುಟ್ಟಿದರು, ಕೈ ತೆಗೆದರು. ಚೀಲಗಳ ಕಡೆ ನೋಡಿದರು.

"ಇದನ್ನ ಯಾಕ ಮೆಣಸಿನಕಾಯಿ ಜೋಡಿ ಇಟ್ಟೀರಿ ಸಾಹುಕಾರ್ರ?"

"ಬಸಣ್ಣ ಹೇಳಿದ್ದ ಯವ್ವಾ, ತಂಪಿನ್ಯಾಗ ಇಡ್ರಿ ಅಂತ. ಕಾಯಿ ಹೊರಗಿಟ್ರ ಬಣ್ಣಾ ಹೋಗ್ತೈತಿ, ಇಲ್ಲಿಟ್ರ ವರ್ಷಗಟ್ಟಲೆ ಕೆಂಪಗಿರ್ತೈತಿ. ಬ್ಯಾಟರೀನೂ ಹಂಗ ಅಂತ ತಿಳಕೊಂಡೆ."

"ಎಷ್ಟ ದಿನಾ ಆತ್ರಿ ಇಟ್ಟು?"

"ಮೂರು ಬ್ಯಾಸಗಿ ಆತು. ಬಿಸಲ ಚಾಲೂ ಆದ ಕೂಡ್ಲೆ ರಾತ್ರಿ ಇಲ್ಲೇ ಮಲಗಸ್ತೇವಿ."

ಗಿರಿಜಾ ನನ್ನ ಕಡೆ ತಿರುಗಿದರು. "ಥಂಡಿ ದಿನದಾಗ ಫೋನಿನ ಬ್ಯಾಟರಿ ಲಗೂ ಇಳೀತೈತಿಲ್ರಿ? ನೀವು ಇದನ್ನ ಇಲ್ಲೇ ಇದ್ದಾಗ ನೋಡಿದ್ರೇನು?"

ಇಲ್ಲೇ ನೋಡಿದ್ದೆ. ತಣ್ಣಗಿನ ಬಾನೆಟ್ ಖರೇ ಹೇಳುತ್ತದೆ ಎಂದು ಇಲ್ಲೇ ನಂಬಿದ್ದೆ. ಎಂಜಿನ್ನಿಗೆ ಥಂಡಿ ಎಂದರೆ ಪರೀಕ್ಷೆ, ಬ್ಯಾಟರಿಗೆ ಥಂಡಿ ಎಂದರೆ ಜ್ವರ ಇದ್ದ ಹಾಗೆ. ಜ್ವರದಲ್ಲಿ ಮಲಗಿದವನನ್ನು ನೋಡಿ ಇವನಿಗೆ ಮುಪ್ಪು ಬಂದಿದೆ ಎಂದು ಹೇಳಿದ್ದೆ.

ಕಾರನ್ನು ಹೊರಗೆ ತೆಗೆದೆವು. ಹೊರಗಿನ ಗಾಳಿ ತಾಕಿದ ಕೂಡಲೇ ಗಾಜೆಲ್ಲ ಬೆವರಿತು. ಮಾರುಕಟ್ಟೆ ಸುತ್ತ ನಾಲ್ಕು ಸುತ್ತು ಓಡಿಸಿ, ಮಧ್ಯಾಹ್ನದ ತನಕ ಸಾಹುಕಾರರ ಮನೆಯ ಅಂಗಳದಲ್ಲಿ ನಿಲ್ಲಿಸಿ, ಮತ್ತೆ ಚಾರ್ಜಿಗೆ ಹಚ್ಚಿದೆವು. ಗಿರಿಜಾ ಸಂಜೆಯ ಪಾಳಿಗೆ ಹೋದರು. ದಾರಿಯಿಂದ ಫೋನ್ ಮಾಡಿ, "ಎಷ್ಟ ತೋರಸಾಕತ್ತೈತ್ರಿ?" ಎಂದರು. ಚಾರ್ಜ್ ತುಂಬಿತ್ತು. ಪರದೆಯ ಮೇಲೆ ನೂರ ಹದಿನೇಳು ಇತ್ತು. ಹೇಳಿದೆ. ಪಕ್ಕದಲ್ಲಿ ಕೂತ ಸಾಹುಕಾರರೂ ಕೇಳಿಸಿಕೊಂಡರು.

ಅವರು ಸ್ವಲ್ಪ ಹೊತ್ತು ಅಡಿಕೆ ಕತ್ತರಿಸಿದರು. ಆಮೇಲೆ ಹೇಳಿದರು: "ನೀ ಹೇಳಿದಿ ಅಂತ ಥಂಡ್ಯಾಗ ಇಟ್ಟೆ. ನೀ ಹೇಳಿದಿ ಅಂತ ಮುಪ್ಪಾಗೈತಿ ಅಂದೆ. ಎರಡೂ ಸಲ ನಿನ್ನ ಮಾತ ಕೇಳಿದೆ ಬಸಣ್ಣ."

"ಬೆರಳು ಬಿಡ್ತೇನ್ರಿ ಸಾಹುಕಾರ್ರ. ಹೊಸದಾಗಿ ಮಾತಾಡೂಣು."

"ಹಿಡದ ಬೆರಳು ಬಿಡೂದಿಲ್ಲ. ನಮ್ಮಪ್ಪ ಬಿಟ್ಟಿಲ್ಲ, ನಾನೂ ಬಿಡೂದಿಲ್ಲ. ಆದ್ರ ಒಂದು. ಆ ಹೆಣ್ಮಗಳಿಗೆ ಕೊಟ್ರ ಇದ ದರಕ್ಕ ಕೊಡು. ನಡುವ ನಿನ್ನ ಬೆರಳು ಸೇರಸಬ್ಯಾಡ."

ಒಪ್ಪಿದೆ. ಒಪ್ಪದೆ ಆ ಅಂಗಳದಿಂದ ಏಳುವ ದಾರಿ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಈಗ ಬ್ಯಾಟರಿಯ ಆರೋಗ್ಯ ಹೇಳುವ ಸಣ್ಣ ಯಂತ್ರಗಳು ಬಂದಿವೆ. ಕಾರಿಗೆ ಚುಚ್ಚಿ ಫೋನಿನಲ್ಲಿ ನೋಡಬಹುದು. ಅದನ್ನು ಒಂದು ಇಟ್ಟುಕೊಳ್ಳಿ. ಆದರೂ ಕಾರು ರಾತ್ರಿ ಎಲ್ಲಿ ಮಲಗುತ್ತದೆ, ಯಾವಾಗ ಊಟ ಮಾಡುತ್ತದೆ, ಅಂದರೆ ಎಲ್ಲಿ ನಿಲ್ಲುತ್ತದೆ, ಯಾವಾಗ ಚಾರ್ಜ್ ಆಗುತ್ತದೆ ಎಂದು ಮಾಲೀಕರ ಮನೆಯವರನ್ನು ಕೇಳಿ. ನಾನು ಕೇಳಲಿಲ್ಲ. ಕೇಳಿದವರು ಗಿರಿಜಾ. ಹಾಗೆಯೇ, ಉಪದೇಶ ಕೊಡುವಾಗ ಎದುರಿಗಿದ್ದವರ ಕಸುಬು ಏನು ಎಂದು ನೋಡಿ ಕೊಡಿ. ತಂಪು ಎಂದರೆ ಶಾಲೆಯ ಮಾಸ್ತರರಿಗೆ ಬೇವಿನ ಮರ. ಬ್ಯಾಡಗಿಯ ವರ್ತಕರಿಗೆ ಬೇರೆ.

ನೂರ ಹದಿನೇಳು ಎಂದಾಗ ಗಿರಿಜಾ ಕುಣಿಯಲಿಲ್ಲ. "ಅದು ಪರದೆ ಹೇಳಿದ್ದಾತು. ಮುಂಜಾನೆ ಎಂಬತ್ತೆಂಟು ಅಂದದ್ದೂ ಅದ ಪರದೆ" ಎಂದರು. ಒಂದು ದಿನ ಪೂರ್ತಿ ತಮ್ಮ ದಾರಿಯಲ್ಲಿ, ತುಂಬಿದ ಗಾಡಿ ಓಡಿಸಿ ನೋಡಿಯೇ ಹೇಳುತ್ತೇನೆ ಎಂದರು. ಸಾಹುಕಾರರು ಕಾರು ಕೊಟ್ಟು ಕಳಿಸಿದರು. ಗಿರಿಜಾ ಶಿಕ್ಷಕಿಯರಿಗೆ ಮುಚ್ಚಿಡದೆ ಎಲ್ಲ ಹೇಳಿ, ಆ ದಿನ ಅರ್ಧ ತಾಸು ಮೊದಲು ಹೊರಡಲು ಒಪ್ಪಿಸಿದರು. ದಾರಿಯಲ್ಲಿ ನಿಂತರೂ ಬಸ್ಸಿಗೆ ಹತ್ತಲು ಸಮಯ ಇರಲಿ ಎಂದು. ಆದರೆ ಒಮ್ಮೆ ನಿಂತರೆ ಮರುದಿನ ಶಿಕ್ಷಕಿಯರು ಟೆಂಪೊ ಹತ್ತುತ್ತಾರೆ ಎಂಬುದು ನನಗೂ ಗೊತ್ತು, ಗಿರಿಜಾಗೂ ಗೊತ್ತು.

ಒಬ್ಬ ಶಿಕ್ಷಕಿ ಅಂದು ರಜೆಯಲ್ಲಿದ್ದರು. "ಅವರ ಬದ್ಲಿ ನೀವು ಕುಂದರ್ರಿ, ತೂಕಕ್ಕ" ಎಂದರು ಗಿರಿಜಾ. ನನ್ನ ತೂಕ ಒಂದೂವರೆ ಶಿಕ್ಷಕಿಯದು. ಮುಂದಿನ ಸೀಟಿನಲ್ಲಿ ಕೂತೆ. ಕರ್ಜಗಿಯಿಂದ ತುಂಬಿ ಹೊರಟಿದ್ದ ಬ್ಯಾಟರಿ ಹಾವೇರಿಗೆ ಬಂದಾಗಲೇ ಶೇಕಡಾ ಎಂಬತ್ತೊಂಬತ್ತಕ್ಕೆ ಇಳಿದಿತ್ತು. ಗಿರಿಜಾ ಒಂದು ರಟ್ಟಿನ ಚೂರಿನ ಮೇಲೆ ಅದನ್ನು ಬರೆದು ನನ್ನ ಕೈಗೆ ಕೊಟ್ಟು, "ಊರಿಗೊಮ್ಮೆ ಬರಕೋತ ಹೋಗ್ರಿ" ಎಂದರು.

ಹೆದ್ದಾರಿಗೆ ಬಂದ ಮೇಲೆ ನನ್ನ ಚಟ ತಡೆಯಲಿಲ್ಲ.

"ಸ್ವಲ್ಪ ಮೆಲ್ಲಕ ಹೊಡಿ ತಂಗೀ. ಎ.ಸಿ. ಬಂದ್ ಮಾಡು. ನಾಲ್ಕು ಕಿಲೋಮೀಟರ್ ಉಳೀತಾವು."

"ನಾ ದಿನಾ ಹೆಂಗ ಹೊಡೀತೇನೋ ಹಂಗ ಹೊಡೀತೇನ್ರಿ. ಇವತ್ತ ಮೆಲ್ಲಕ ಹೊಡದು ನಾಳಿಂದ ಜೋರ ಹೊಡದ್ರ ಮೋಸ ಯಾರಿಗೆ?"

ಹಿಂದೆ ಕೂತ ಶಿಕ್ಷಕಿಯರು ನಕ್ಕರು. ಅವರಲ್ಲಿ ನಾಗರತ್ನಾ ಎಂಬವರು ವಿಜ್ಞಾನ ಕಲಿಸುವವರು. ರಾಣೆಬೆನ್ನೂರಿನ ತನಕ ಬರುವವರು ಅವರೇ.

"ಬಸಣ್ಣಾರ, ಇದು ಹೊಗಿ ಬಿಡಂಗಿಲ್ಲ ಅಂತೀರಿ. ಕರೆಂಟ್ ಎಲ್ಲಿಂದ ಬಂತು? ರಾಯಚೂರಾಗ ಕಲ್ಲಿದ್ದಲು ಸುಡ್ತಾರಲ್ರಿ?"

ನನಗೆ ಹುಬ್ಬಳ್ಳಿಯ ಟೈ ನೆನಪಾಯಿತು. ಆದರೆ ಅವನು ಇದಕ್ಕೆ ಉತ್ತರ ಕಲಿಸಿರಲಿಲ್ಲ. "ಗದಗ ಕಡೆ ಗಾಳಿಗಿರಣಿ ತಿರಗತಾವಲ್ರಿ, ಮನಿ ಮ್ಯಾಲೆ ಸೋಲಾರ್ ಬಂದಾವು" ಎಂದೆ.

"ಅವೂ ಸೇರೇ ಇರ್ತಾವ. ಪೂರಾ ಹೊಗಿ ಇಲ್ಲ ಅನ್ನಬ್ಯಾಡ್ರಿ, ಡೀಸೆಲ್ಲಿಗಿಂತ ಕಡಿಮಿ ಅನ್ರಿ. ಅಷ್ಟ ಖರೇ."

"ಮೇಡಂ, ಎಲ್ಲಿ ಸುಡ್ತಾರೋ ನನಗ ಗೊತ್ತಿಲ್ಲ" ಎಂದರು ಗಿರಿಜಾ, ಕಣ್ಣು ರಸ್ತೆಯ ಮೇಲಿಟ್ಟು. "ನಿಮ್ಮ ಸಾಲಿ ಮುಂದ ಗಾಡಿ ಹೊಳ್ಳಸೂವಾಗ ಲೈನಿನ್ಯಾಗ ನಿಂತ ಮಕ್ಕಳು ಮೂಗು ಮುಚ್ಚಕೋತಿದ್ವು. ಒಂಬತ್ತ ವರ್ಷ ನೋಡೇನಿ. ಇವತ್ತ ಏನ್ ಮಾಡ್ತಾವ ನೋಡೂಣು."

ಶಾಲೆಯ ಮುಂದೆ ಮಕ್ಕಳು ಮೂಗು ಮುಚ್ಚಲಿಲ್ಲ. ಗಾಡಿ ಬಂದದ್ದೇ ಅವುಗಳಿಗೆ ತಿಳಿಯಲಿಲ್ಲ, ಹಾರ್ನ್ ಹೊಡೆಯಬೇಕಾಯಿತು. ಮೂವತ್ತನಾಲ್ಕು ವರ್ಷ ಹೊಗೆಯನ್ನು ಎಂಜಿನ್ನಿನ ಕಡೆಯಿಂದಷ್ಟೇ ನೋಡಿದ್ದೆ. ಅದರ ಇನ್ನೊಂದು ತುದಿಯಲ್ಲಿ ಮೂಗು ಇರುತ್ತದೆ ಎಂದು ಅಂದು ಗಮನಿಸಿದೆ.

ಎಲ್ಲರೂ ಹಾಜರಿಗೆ ಮುಟ್ಟಿದರು. ರಾಣೆಬೆನ್ನೂರಿನಲ್ಲಿ ರಟ್ಟಿನ ಮೇಲೆ ಐವತ್ತೇಳು ಎಂದು ಬರೆದೆ. ಮಧ್ಯಾಹ್ನ ಬ್ಯಾಡಗಿಯ ಒಂದು ಮರದ ಕೆಳಗೆ ಕಾರು ನಿಲ್ಲಿಸಿ ಕೂತೆವು. ಗಿರಿಜಾ ರೊಟ್ಟಿ ಬಿಚ್ಚಿದರು, ನನಗೂ ಕೊಟ್ಟರು. ಟೆಂಪೊದವನ ಫೋನು ಶಿಕ್ಷಕಿಯರಿಗೆ ಅಂದೂ ಬಂದಿತ್ತು ಎಂದು ತಿಳಿದಿತ್ತು.

ತಿರುಗಿ ಬರುವಾಗ ಎದುರುಗಾಳಿ. ಬಿಸಿಲಿಗೆ ಎ.ಸಿ. ಜೋರು. ಬೆಳಿಗ್ಗೆಗಿಂತ ಬೇಗ ಇಳಿಯಿತು. ಮೋಟೆಬೆನ್ನೂರು ದಾಟುವಾಗ ಇಪ್ಪತ್ತೊಂಬತ್ತು. ನಾನು ಬರೆಯುವುದನ್ನು ಬಿಟ್ಟು ಸುಮ್ಮನೆ ಪರದೆ ನೋಡುತ್ತ ಕೂತೆ. ಹಾವೇರಿಯಲ್ಲಿ ಕೊನೆಯ ಶಿಕ್ಷಕಿ ಇಳಿದಾಗ ಇಪ್ಪತ್ತಮೂರು. ನಾನೂ ಇಳಿಯಬಹುದಿತ್ತು, ನನ್ನ ಮನೆ ಅಲ್ಲೇ. ಇಳಿಯಲಿಲ್ಲ. ಕರ್ಜಗಿಯ ಅವರ ಮನೆಯ ಮುಂದೆ ಬಂದು ನಿಂತಾಗ ತೊಂಬತ್ತಾರು ಕಿಲೋಮೀಟರ್ ಆಗಿತ್ತು, ಬ್ಯಾಟರಿಯಲ್ಲಿ ಶೇಕಡಾ ಹನ್ನೊಂದು ಉಳಿದಿತ್ತು.

"ಆತಲ್ಲ ತಂಗೀ" ಎಂದೆ. ನನಗೂ ನಿರಾಳ ಆಗಿತ್ತು. "ಬೆಳಿಗ್ಗೆ ಕಾಗದ ಮಾಡೂಣು."

ಗಿರಿಜಾ ಇಳಿಯಲಿಲ್ಲ. "ತೊಂಬತ್ತಾರು ಆತ್ರಿ. ಆದ್ರ ಎಲ್ಲಿ ನಿಲ್ತೈತಿ ಅಂತ ಗೊತ್ತಾಗಲಿಲ್ಲ."

"ನಿಲ್ಲೂದನ್ನ ಯಾಕ ನೋಡಬೇಕು?"

"ಹಾದ್ಯಾಗ ಯಾರಿಗರೆ ಆರಾಮ ಇಲ್ಲ ಅಂದ್ರ ದವಾಖಾನಿ ಕಡೆ ಹೊ‌ಳ್ಳಸಬೇಕಾಗ್ತೈತಿ. ರಸ್ತೆ ಬಂದ್ ಇದ್ರ ಸುತ್ತ ಹಾಕಬೇಕಾಗ್ತೈತಿ. ಆವಾಗ ನನ್ನ ಕೈಯಾಗ ಎಷ್ಟ ಐತಿ ಅಂತ ಗೊತ್ತಿರಬೇಕಲ್ರಿ. ಪರದೆ ಹನ್ನೊಂದು ಅಂದದ್ದು ಖರೇ ಹನ್ನೊಂದೋ, ಸುಳ್ಳೋ, ನೋಡೇ ಬಿಡ್ತೇನಿ."

ಗಾಡಿ ತಿರುಗಿಸಿದರು. ಊರಿನಿಂದ ಸ್ಟೇಷನ್ ರಸ್ತೆಗೆ, ಅಲ್ಲಿಂದ ತಿರುಗಿ ಊರಿಗೆ, ಮತ್ತೆ ಸ್ಟೇಷನ್ ಕಡೆಗೆ. ಕಟ್ಟೆಯ ಮೇಲೆ ಕೂತವರು ಮೊದಲ ಸುತ್ತಿಗೆ ಕೈ ಎತ್ತಿದರು, ಮೂರನೆಯ ಸುತ್ತಿಗೆ ಎದ್ದು ನಿಂತು ನೋಡಿದರು. ಐದು ಎಂದಾಗ ಎ.ಸಿ. ತಾನೇ ನಿಂತಿತು. ಎರಡು ಎಂದಾಗ ಗಾಡಿ ಎತ್ತಿನ ಬಂಡಿಯ ಓಟಕ್ಕೆ ಬಂತು. ಸೊನ್ನೆ ಎಂದ ಮೇಲೂ ಸ್ವಲ್ಪ ದೂರ ನಡೆಯಿತು. ಹಿಟ್ಟಿನ ಗಿರಣಿ ಇನ್ನೂ ನೂರು ಮಾರು ಇದೆ ಎನ್ನುವಾಗ ನಿಂತಿತು. ಯಾವ ಸದ್ದೂ ಆಗಲಿಲ್ಲ.

ಕಟ್ಟೆಯ ಮೇಲಿನವರು ಬಂದರು. ಹಿರಿಯರೊಬ್ಬರು ಸುತ್ತ ನೋಡಿ, "ಏನಬೇ ಗಿರಿಜಾ, ಸುತ್ತು ಹಾಕಿ ಹಾಕಿ ಕರೆಂಟ್ ಚೆಲ್ಲಿದಿಯಲ್ಲ. ದೃಷ್ಟಿ ತಗದಿ ಏನು?" ಎಂದರು.

"ದೃಷ್ಟಿ ಅಲ್ಲ ಕಾಕಾ, ಅಳತಿ ತಗದೆ. ಮಾತ ಆಮ್ಯಾಲೆ, ಗಿರಣಿ ತನಕ ನೂಕ್ರಿ."

ನೂಕಿದರು. ನಾನೂ ನೂಕಿದೆ. ಗಿರಣಿಯವರು ಪ್ಲಗ್ಗು ಕೊಟ್ಟರು. ಗಿರಿಜಾ ನನ್ನ ಕೈಯಿಂದ ರಟ್ಟು ತೆಗೆದುಕೊಂಡು ಕೊನೆಯ ಸಾಲಿನಲ್ಲಿ ೧೦೭ ಕಿ.ಮೀ. ಎಂದು ಬರೆದರು, ಎರಡು ಗೆರೆ ಎಳೆದರು.

ನಾನು ಜೀವನವಿಡೀ ನಿಲ್ಲದ ಗಾಡಿ ಎಂದು ಹೇಳಿ ಗಾಡಿ ಮಾರಿದವನು. ನಿಲ್ಲುವ ಜಾಗ ಗೊತ್ತಾಗುವ ಮೊದಲು ಕಾಗದಕ್ಕೆ ಸಹಿ ಹಾಕಿಸುವುದೇ ನಮ್ಮ ಕಸುಬಿನ ಗುಟ್ಟು. ನೂಕಿ ತಂದ ಗಾಡಿಯ ಮುಂದೆ, ಕೈಗೆ ಹತ್ತಿದ ಧೂಳು ಒರೆಸಿಕೊಳ್ಳುತ್ತ, ಇನ್ನು ಯಾವ ಮಾತು ಹೇಳಿ ಇದನ್ನು ದಾಟಿಸಲಿ ಎಂದು ನಾನು ಹುಡುಕುತ್ತಿದ್ದಾಗ ಅವರು ಪ್ಲಗ್ಗು ಗಟ್ಟಿಯಾಗಿ ಕೂತಿದೆಯೋ ಎಂದು ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು.

"ನಿಮ್ಮನ್ನ ಹಾವೇರಿಗೆ ಬಿಡಾಕ ಆಗೂದಿಲ್ರಿ ಬಸಣ್ಣಾರ, ಏಳೂವರೆ ಬಸ್ ಐತಿ, ಅದಕ್ಕ ಹೋಗ್ರಿ. ಗಾಡಿ ನಾ ತಗೊಂಡೆ."